ಸ್ವರಕ್ಕೆ ಮೈಲಿಗೆಯೇ?

ಸಂಘದ ಚಳಿಗಾಲದ ಕಛೇರಿಯಲ್ಲಿ ಮಕ್ಕಳ ವೃಂದಗಾನ ಬೇಡವೆನ್ನುವ ಹಿರಿಯರಿಗೆ ಒಂದು ಮಾತು. ಯೂರೋಪಿನ ಮಟ್ಟು, ಪರ್ಷಿಯಾದ ಧಾಟಿ ಬೆರೆತರೆ ಸಂಗೀತ ಕೆಡುವುದಂತೆ! ಹಾಗಾದರೆ ಪಿಟೀಲನ್ನೂ ಹೊರಗಿಡಿ. ಅದು ಬಂದದ್ದು ಯೂರೋಪಿನಿಂದಲೇ. ಯೌವನದಲ್ಲಿ ಸಮೀಪದ ಮಣಲಿಯಲ್ಲಿದ್ದ ಮುತ್ತುಸ್ವಾಮಿ ದೀಕ್ಷಿತರು ಐರೋಪ್ಯ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದರು. ಆ ನೊಟ್ಟುಸ್ವರಗಳನ್ನು ಮಕ್ಕಳು ಇಂದಿಗೂ ಕಲಿಯುತ್ತಾರೆ. ಭೀಮಸೇನ ಜೋಶಿ ನಮ್ಮವರೆಂದು ಬೀಗುತ್ತೇವೆ; ಖಯಾಲ್, ತರಾನಾ ಎಂಬ ಹೆಸರುಗಳು ಪಾರಸಿಯ ಮೂಲಕ ಬಂದವೆಂಬುದನ್ನು ಮಾತ್ರ ಮರೆಯುತ್ತೇವೆ. ರಾಯಪುರಂನಲ್ಲಿ ಇಗರ್ಜಿಯೂ ಇದೆ, 1910ರಲ್ಲಿ ಕಟ್ಟಿದ ಪಾರ್ಸಿಗಳ ಅಗ್ನಿಮಂದಿರವೂ ಇದೆ. ಹಾಡು ಕನ್ನಡದಲ್ಲಿರಲಿ ಎನ್ನಿ, ಒಪ್ಪುತ್ತೇನೆ. ಶ್ರುತಿ ಸೇರಿದೆಯೇ ಎಂದು ಕೇಳಿ, ಅದೂ ನ್ಯಾಯ. ಆದರೆ ವಲಸೆ ಬಂದ ನಮಗೇ ಈ ಊರು ನೆಲೆ ಕೊಟ್ಟಿರುವಾಗ, ವಲಸೆ ಬಂದ ಸ್ವರಕ್ಕೆ ಬಾಗಿಲು ಮುಚ್ಚಲು ನಾವು ಯಾರು?