ಖಾಲಿ ಫೋನಿನಲ್ಲಿ ಪಾಸಾದ ಆ್ಯಪ್, ನಮ್ಮ ಫೋನಿನಲ್ಲಿ ಫೇಲ್

"ಆ್ಯಪ್ ಸರಿ ಇದೆ, ನಿಮ್ಮ ಫೋನೇ ಸರಿ ಇಲ್ಲ." ಈ ಮಾತು ಕೇಳದ ರೈತರು ನಮ್ಮ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಪಹಣಿ ಅಪ್‌ಲೋಡ್ ಆಗಲಿಲ್ಲವೇ? ಫೋನು ಹಳೆಯದು. ಬೆಳೆಯ ಫೋಟೊ ಹೋಗಲಿಲ್ಲವೇ? ನಿಮ್ಮೂರಲ್ಲಿ ನೆಟ್‌ವರ್ಕ್ ಇಲ್ಲ. ಪಾಸ್‌ಬುಕ್ಕಿನ ಪಿಡಿಎಫ್ ತಗೊಳ್ಳಲಿಲ್ಲವೇ? ನಿಮಗೆ ಬಳಸಲು ಬರುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಆ ನೆಲ ಅಂದರೆ ನಾವು.

ನಾವು ಹೇಳುವುದು ಇಷ್ಟೇ. ಆ್ಯಪ್ ಹಳ್ಳಿಗೆ ಬರುವ ಮೊದಲು ಒಂದು ಪರೀಕ್ಷೆ ನಡೆಯುತ್ತದೆ. ಆ ಪರೀಕ್ಷೆಯ ಫೋನಿಗೆ ಹಾಕುವ ಫೈಲುಗಳಲ್ಲಿ ನಮ್ಮ ಫೈಲಿನಂಥದ್ದು ಒಂದೂ ಇರುವುದಿಲ್ಲ. ಅಲ್ಲಿ ಪಾಸಾದದ್ದು ಇಲ್ಲಿ ಬಂದು ಫೇಲಾಗುವುದು ಅದಕ್ಕೇ.

ಪರೀಕ್ಷೆ ಹೇಗೆ ನಡೆಯುತ್ತದೆ?

ಇದನ್ನು ತಿಳಿಯಲು ಬೆಂಗಳೂರಿನ ಮರ್ಫಿ ಟೌನ್‌ನಲ್ಲಿ ಬಾಡಿಗೆಗಿದ್ದು ಇದೇ ಕೆಲಸ ಮಾಡುವ ಹುಡುಗರೊಡನೆ ಮಾತಾಡಿದೆವು. ಹಲಸೂರು ಮತ್ತು ಇಂದಿರಾನಗರದ ಪಕ್ಕದ ಹಳೆಯ ಬಡಾವಣೆ ಅದು. ಹಿಂದೆ ನಾಕ್ಸ್‌ಪೇಟೆ ಎನ್ನುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ದಂಡಿನ ಬಂಗಲೆಗಳಿಗೆ ದುಡಿಯಲು ಹೋಗುತ್ತಿದ್ದ ಜನ ಅಲ್ಲಿ ನೆಲೆಸಿದ್ದರು. ಈಗ ಅಲ್ಲಿನ ಸಣ್ಣ ಕೋಣೆಗಳಲ್ಲಿ ಇರುವವರಲ್ಲಿ ನಮ್ಮ ಜಿಲ್ಲೆಗಳಿಂದ ಹೋದ ಡಿಪ್ಲೊಮಾ, ಬಿಇ ಹುಡುಗರೂ ಇದ್ದಾರೆ.

ಅವರ ಕೆಲಸದ ಫೋನು ಅವರ ಕೈಯಲ್ಲಿ ಇರುವುದಿಲ್ಲ. ಬೇರೆ ಊರಿನಲ್ಲೋ, ಬೇರೆ ದೇಶದಲ್ಲೋ ಒಂದು ದೊಡ್ಡ ಕೋಣೆಯ ಗೂಡುಗಳಲ್ಲಿ ಸಾಲು ಸಾಲು ಫೋನು ಜೋಡಿಸಿರುತ್ತಾರೆ. ಪ್ರತಿಯೊಂದಕ್ಕೂ ಕೇಬಲ್. ಕೋಣೆಯಲ್ಲಿ ಕೂತ ಹುಡುಗನಿಗೆ ಆ ಫೋನಿನ ಪರದೆ ತನ್ನ ಕಂಪ್ಯೂಟರಿನಲ್ಲಿ ಕಾಣುತ್ತದೆ. ಬೆರಳಿನ ಬದಲು ಪ್ರೋಗ್ರಾಂ ಒತ್ತುತ್ತದೆ, ಟೈಪ್ ಮಾಡುತ್ತದೆ. ಇಂಥ ಫೋನುಗಳನ್ನು ಬಾಡಿಗೆಗೆ ಕೊಡುವುದೇ ದೊಡ್ಡ ವ್ಯಾಪಾರ. 2011ರಲ್ಲಿ ಮುಂಬೈಯಲ್ಲಿ ಹುಟ್ಟಿದ ಬ್ರೌಸರ್‌ಸ್ಟ್ಯಾಕ್ ಈ ವ್ಯಾಪಾರದಲ್ಲಿದೆ. ಅಮೆಜಾನ್ 2015ರಿಂದ ಡಿವೈಸ್ ಫಾರ್ಮ್ ಎಂಬ ಹೆಸರಿನಲ್ಲಿ ಇದನ್ನೇ ನಡೆಸುತ್ತಿದೆ. ಫಾರ್ಮ್ ಅಂತೆ! ಫೋನಿನ ಹೊಲ.

ಈಗ ಆ ಆ್ಯಪ್‌ನಲ್ಲಿ "ದಾಖಲೆ ಅಪ್‌ಲೋಡ್ ಮಾಡಿ" ಎಂಬ ಗುಂಡಿ ಇದೆ ಎಂದುಕೊಳ್ಳಿ. ಅದನ್ನು ಪರೀಕ್ಷಿಸಬೇಕಾದರೆ ಆ ದೂರದ ಫೋನಿನೊಳಗೆ ಮೊದಲು ಒಂದು ದಾಖಲೆ ಇರಬೇಕು. ಅದನ್ನು ಇಲ್ಲಿಂದಲೇ ಕಳಿಸಬೇಕು. ದಾರಿ ಎರಡು ಮೂರಿವೆ. ಫೈಲನ್ನು ಮೊದಲು ಬಾಡಿಗೆ ಕಂಪನಿಯ ಸರ್ವರಿಗೆ ಹಾಕಿ, ಅಲ್ಲಿಂದ ಫೋನಿಗೆ ಇಳಿಸುವುದು ಒಂದು. ಆಪಿಯಮ್ ಎಂಬ ಉಚಿತ ಸಾಧನದ "ಪುಶ್ ಫೈಲ್" ಆದೇಶದಿಂದ ನೇರವಾಗಿ ತಳ್ಳುವುದು ಇನ್ನೊಂದು. ಹೀಗೆ ತಳ್ಳುವಾಗ ಫೈಲು ಬೇಸ್64 ಎಂಬ ಬರಹದ ರೂಪಕ್ಕೆ ತಿರುಗುತ್ತದೆ. ಮೂರು ಬೈಟು ಇದ್ದದ್ದು ನಾಲ್ಕಾಗುತ್ತದೆ. 6 ಎಂಬಿ ಫೋಟೊ 8 ಎಂಬಿ ಆಗಿ ಪ್ರಯಾಣ ಮಾಡುತ್ತದೆ. ಆಂಡ್ರಾಯ್ಡ್‌ನಲ್ಲಿ ಡೌನ್‌ಲೋಡ್ ಫೋಲ್ಡರಿಗೆ ಇಟ್ಟರೂ ಗ್ಯಾಲರಿಗೆ ಅದು ಕೂಡಲೇ ಕಾಣದೇ ಇರಬಹುದು. "ಹೊಸ ಫೈಲು ಬಂದಿದೆ, ನೋಡು" ಎಂದು ಫೋನಿಗೆ ಬೇರೆಯಾಗಿ ಹೇಳಬೇಕಾಗುತ್ತದೆ. ಐಫೋನಿನಲ್ಲಿ ಇನ್ನೂ ಬಿಗಿ. ಅಲ್ಲಿ ಆ ಆ್ಯಪ್‌ಗೆ ಮೀಸಲಾದ ಜಾಗಕ್ಕೆ ಫೈಲು ಸೇರಿಸಬೇಕಾಗುತ್ತದೆ.

ಇಷ್ಟು ರಗಳೆ ಇರುವುದರಿಂದ ಏನಾಗುತ್ತದೆ? ಒಮ್ಮೆ ಸಲೀಸಾಗಿ ಹೋದ ಫೈಲನ್ನೇ ಮತ್ತೆ ಮತ್ತೆ ಕಳಿಸುತ್ತಾರೆ. ಸಣ್ಣದೊಂದು ಫೋಟೊ, ಇಂಗ್ಲಿಷಿನಲ್ಲಿ "ಟೆಸ್ಟ್ 1" ಎಂದು ಹೆಸರು, ಸ್ವಚ್ಛವಾದ ಒಂದು ಪುಟದ ಪಿಡಿಎಫ್. ಅಪ್‌ಲೋಡ್ ಆಯಿತು. ಹಸಿರು ಟಿಕ್ ಬಿತ್ತು. ವರದಿಯಲ್ಲಿ "ನಿಜವಾದ ಫೋನಿನಲ್ಲಿ ಪರೀಕ್ಷಿಸಲಾಗಿದೆ" ಎಂದು ಬರೆದರು. ಫೋನು ನಿಜವೇ. ಫೈಲು?

ನಮ್ಮ ಫೈಲು ಹೇಗಿರುತ್ತದೆ?

ನಿಮ್ಮ ಫೋನು ತೆಗೆದು ನೋಡಿ. ಪಹಣಿಯನ್ನು ಗ್ರಾಮ ಒನ್‌ನಲ್ಲಿ ಪ್ರಿಂಟ್ ತೆಗೆಸಿದ್ದೀರಿ. ಮಗ ಅದರ ಫೋಟೊ ಹೊಡೆದ. ವಾಟ್ಸಾಪಿನಲ್ಲಿ ಕಳಿಸಿದ. ನೀವು ಅದನ್ನು ಇನ್ನೊಬ್ಬರಿಗೆ ಕಳಿಸಿ ವಾಪಸ್ ತರಿಸಿಕೊಂಡಿರಿ. ವಾಟ್ಸಾಪ್ ಫೋಟೊವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಎಲ್ಲಿ ತೆಗೆದದ್ದೆಂಬ ಜಿಪಿಎಸ್ ಗುರುತನ್ನೂ ಅಳಿಸುತ್ತದೆ. "ಫೋಟೊದಲ್ಲಿ ಸ್ಥಳ ಇಲ್ಲ" ಎಂದು ಆ್ಯಪ್ ತಿರಸ್ಕರಿಸಿದರೆ ಅದು ರೈತನ ತಪ್ಪೇ?

ಇನ್ನು ಹೆಸರು. ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟರೆ ಏನಾಗುತ್ತದೆ ಗೊತ್ತೇ? ಯೂನಿಕೋಡ್‌ನ ಸಾಮಾನ್ಯ ಬರವಣಿಗೆಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದೊಂದು ಗುರುತಿಗೂ 3 ಬೈಟ್. "ಪಹಣಿ" ಎಂದರೆ ನಾಲ್ಕು ಗುರುತು: ಪ, ಹ, ಣ, ಮೇಲೊಂದು ಗುಡಿಸು. ಒಟ್ಟು 12 ಬೈಟ್. ಆಂಡ್ರಾಯ್ಡ್ ಫೋನಿನ ಫೈಲು ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷಿನವರಿಗೆ ಅದು 255 ಅಕ್ಷರ, ನಮಗೆ ಸುಮಾರು 85 ಗುರುತು. ಒತ್ತು, ಕಾಗುಣಿತ ಎಲ್ಲ ಅದರಲ್ಲೇ ಎಣಿಕೆ. ಊರು, ಹೋಬಳಿ, ಸರ್ವೆ ನಂಬರು, ಅಪ್ಪನ ಹೆಸರು ಸೇರಿಸಿ ಹೆಸರಿಟ್ಟರೆ ಮಿತಿ ಮುಟ್ಟುತ್ತದೆ. ಕನ್ನಡ ಹೆಸರಿನ ಒಂದು ಫೈಲನ್ನೂ ಕಳಿಸಿ ನೋಡದವರಿಗೆ ಇದು ಹೇಗೆ ಗೊತ್ತಾಗಬೇಕು?

ಸರ್ಕಾರಿ ಕಚೇರಿಗಳಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಾಗದಗಳು ಇನ್ನೂ ರಾಶಿ ಬಿದ್ದಿವೆ. ಆ ಅಕ್ಷರಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿಯಾದಂತೆ ಕಾಣುತ್ತದೆ. ಪರೀಕ್ಷೆಯ ಫೋನಿಗೆ ಇಂಥ ಒಂದು ಕಾಗದವನ್ನೂ ತಳ್ಳದೆ "ಕನ್ನಡ ಬೆಂಬಲವಿದೆ" ಎಂದು ಬರೆದುಕೊಳ್ಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ವಂಚನೆ ಖಾಲಿ ಫೋನು. ಹಲವರು ಹಂಚಿಕೊಳ್ಳುವ ಬಾಡಿಗೆ ಫೋನನ್ನು ಪ್ರತಿ ಪರೀಕ್ಷೆ ಮುಗಿದ ಮೇಲೆ ತೊಳೆದು ಒರೆಸುತ್ತಾರೆ. ಹಾಕಿದ ಫೈಲು, ಆ್ಯಪ್ ಎಲ್ಲ ಅಳಿಸುತ್ತಾರೆ. ಮುಂದಿನವರ ಗುಟ್ಟು ಕಾಯಲು ಅದು ಬೇಕು, ತಕರಾರಿಲ್ಲ. ಆದರೆ ಫಲವೇನು? ಪ್ರತಿ ಪರೀಕ್ಷೆಯೂ ಈಗತಾನೇ ಡಬ್ಬಿಯಿಂದ ತೆಗೆದಂಥ ಫೋನಿನಲ್ಲಿ ಶುರುವಾಗುತ್ತದೆ. ನಮ್ಮ ಫೋನು ಹಾಗಿದೆಯೇ? ಶುಭೋದಯದ ಚಿತ್ರ, ಜಾತ್ರೆಯ ವಿಡಿಯೊ, ಮಕ್ಕಳ ಆಟ ತುಂಬಿ "ಜಾಗ ಸಾಲದು" ಎಂದು ದಿನಾ ಕೂಗುವ ಫೋನು ನಮ್ಮದು. ನೀರಾವರಿ ಹೊಲದಲ್ಲಿ ಬೆಳೆ ತೋರಿಸಿ ಒಣಬೇಸಾಯದವನಿಗೆ ಬೀಜ ಮಾರಿದ ಹಾಗಾಯಿತು ಇದು.

ಕ್ಯಾಮೆರಾದ ಕಥೆಯೂ ಹೀಗೆಯೇ. ಗೂಡಿನಲ್ಲಿರುವ ಫೋನಿನ ಕ್ಯಾಮೆರಾ ಎದುರು ಗೋಡೆ ಬಿಟ್ಟರೆ ಏನೂ ಇಲ್ಲ. ಹಾಗಾಗಿ ಮೊದಲೇ ಕಳಿಸಿಟ್ಟ ಒಂದು ಚಿತ್ರವನ್ನು "ಈಗ ತೆಗೆದ ಫೋಟೊ" ಎಂದು ಆ್ಯಪ್‌ಗೆ ಉಣಿಸುವ ವ್ಯವಸ್ಥೆ ಇದೆ. ಮಧ್ಯಾಹ್ನದ ಬಿಸಿಲು, ಗೀರುಬಿದ್ದ ಲೆನ್ಸು, ಬೆವರಿದ ಕೈ ಯಾವುದೂ ಆ ಚಿತ್ರದಲ್ಲಿ ಇರುವುದಿಲ್ಲ.

ಕೂಲಿಯ ಪ್ರಶ್ನೆ ಇದು

ಇದು ಕಂಪ್ಯೂಟರಿನವರ ಜಗಳ, ನಮಗೇನು ಎನ್ನಬೇಡಿ. ನರೇಗಾದಲ್ಲಿ ಎನ್‌ಎಂಎಂಎಸ್ ಆ್ಯಪ್ 2021ರಲ್ಲಿ ಬಂತು. 2023ರ ಜನವರಿ 1ರಿಂದ, ವೈಯಕ್ತಿಕ ಕಾಮಗಾರಿ ಬಿಟ್ಟು, ಉಳಿದೆಡೆ ಅದರಲ್ಲೇ ಹಾಜರಾತಿ ಕಡ್ಡಾಯವಾಯಿತು. ದಿನಕ್ಕೆ ಎರಡು ಫೋಟೊ, ಎರಡಕ್ಕೂ ಸಮಯ ಮತ್ತು ಸ್ಥಳದ ಗುರುತು. ಫೋಟೊ ಹೋಗದಿದ್ದರೆ ಕೆರೆ ಹೂಳೆತ್ತಿದ ಹೆಂಗಸಿನ ದಿನದ ಕೂಲಿಯೇ ತೂಗುಯ್ಯಾಲೆ.

2020ರಿಂದ ಬೆಳೆ ಸಮೀಕ್ಷೆಯನ್ನು ರೈತರೇ ಆ್ಯಪ್‌ನಲ್ಲಿ ಮಾಡಬಹುದು. ಫೋಟೊ ಸರಿಯಾಗಿ ಸೇರದಿದ್ದರೆ ಪಹಣಿಯ ಬೆಳೆ ಕಾಲಂ ತಪ್ಪಾಗುತ್ತದೆ. ಅದು ತಪ್ಪಾದರೆ ವಿಮೆ, ಪರಿಹಾರ, ಬೆಂಬಲ ಬೆಲೆಯ ಖರೀದಿ ಎಲ್ಲದಕ್ಕೂ ಅಲೆದಾಟ. 2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳೇ ಆ್ಯಪ್‌ಗಳ ಹೊರೆ ತಾಳಲಾರದೆ ಮುಷ್ಕರಕ್ಕಿಳಿದರು. 2025ರ ಸೆಪ್ಟೆಂಬರ್ 22ರಂದು ಶುರುವಾದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ ಮೊದಲ ದಿನಗಳಲ್ಲಿ ಶಿಕ್ಷಕರು ಆ್ಯಪ್ ಮುಂದೆ ಕೈಕಟ್ಟಿ ಕೂತಿದ್ದನ್ನು ಎಲ್ಲ ಪತ್ರಿಕೆ ಬರೆದವು. ಇವೆಲ್ಲಕ್ಕೂ ಫೈಲಿನ ಪರೀಕ್ಷೆಯೊಂದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಸರ್ವರು, ಒಟಿಪಿ, ಸಿಗ್ನಲ್ಲು ಹೀಗೆ ಕಾರಣ ಹಲವು. ಆದರೆ ಜನರ ಕೈಗೆ ಕೊಡುವ ಮೊದಲು ಜನರ ಸ್ಥಿತಿಯಲ್ಲಿ ನೋಡಲಿಲ್ಲ ಎಂಬ ದೂರು ಎಲ್ಲ ಕಡೆಯೂ ಒಂದೇ.

ಅವರ ನೆಪಗಳು

ಮೊದಲ ನೆಪ: ಖರ್ಚು. ಅಮೆಜಾನಿನ ಪ್ರಕಟಿತ ದರ ಒಂದು ಫೋನಿಗೆ ನಿಮಿಷಕ್ಕೆ 17 ಸೆಂಟ್. ಹತ್ತು ಬಗೆಯ ಫೋನಿನಲ್ಲಿ ಹತ್ತತ್ತು ನಿಮಿಷ ಓಡಿಸಿದರೆ 17 ಡಾಲರ್, ಅಂದರೆ ಸುಮಾರು ಒಂದೂವರೆ ಸಾವಿರ ರೂಪಾಯಿ. ಆ್ಯಪ್ ಬಿಡುಗಡೆಯ ಸಮಾರಂಭದ ಶಾಲು ಹಾರಕ್ಕೇ ಅದಕ್ಕಿಂತ ಹೆಚ್ಚಾಗುತ್ತದೆ.

ಎರಡನೇ ನೆಪ: ಸೌಲಭ್ಯ ಇಲ್ಲ. ಇದೂ ಸುಳ್ಳು. ಅದೇ ಡಿವೈಸ್ ಫಾರ್ಮಿನಲ್ಲಿ ಪರೀಕ್ಷೆಗೆ ಮುನ್ನ ಬೇಕಾದ ಫೈಲುಗಳನ್ನೆಲ್ಲ ಒಂದು ಜಿಪ್ ಗಂಟಿನಲ್ಲಿ ಕಟ್ಟಿ ಫೋನಿಗೆ ಇಳಿಸಬಹುದು. ಸ್ಥಳ ಬದಲಿಸಬಹುದು, ನೆಟ್‌ವರ್ಕನ್ನು ಬೇಕೆಂದೇ ನಿಧಾನ ಮಾಡಬಹುದು. ಕನ್ನಡ ಹೆಸರಿನ ಫೈಲು ಕಳಿಸಬಾರದೆಂದು ಯಾರೂ ಅಡ್ಡ ನಿಂತಿಲ್ಲ.

ಮೂರನೆಯದು ನೆಪವಲ್ಲ, ತೂಕದ ಮಾತು. ನಮ್ಮ ನಿಜವಾದ ಪಹಣಿ, ಆಧಾರ್, ಪಾಸ್‌ಬುಕ್ಕುಗಳನ್ನು ಬೇರೆ ದೇಶದ ಗೂಡಿನಲ್ಲಿರುವ ಬಾಡಿಗೆ ಫೋನಿಗೆ ಕಳಿಸಬಹುದೇ? ಖಂಡಿತ ಕೂಡದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದಿದೆ. ಜನರ ಕಾಗದವನ್ನು ಕೇಳದೆ ಪರೀಕ್ಷೆಗೆ ಬಳಸಿದರೆ ಮೊದಲು ಕೂಗೆಬ್ಬಿಸುವವರು ನಾವೇ. ನಾವು ಕೇಳುತ್ತಿರುವುದು ನಮ್ಮ ಕಾಗದದ ಪಡಿಯಚ್ಚು. ಸುಳ್ಳು ಹೆಸರು, ಸುಳ್ಳು ಸರ್ವೆ ನಂಬರು ಹಾಕಿ, ಮಡಿಕೆ ಬಿದ್ದ, ಮಸುಕಾದ, ಓರೆಯಾಗಿ ತೆಗೆದ, ವಾಟ್ಸಾಪ್ ಹಿಂಡಿದ ನೂರು ಮಾದರಿ ಫೈಲು ತಯಾರಿಸಿ. ಒಂದು ಜಿಲ್ಲೆಯ ಕಾಲೇಜು ಮಕ್ಕಳು ಒಂದು ವಾರದಲ್ಲಿ ಮಾಡಿ ಕೊಡುತ್ತಾರೆ.

ಮರ್ಫಿ ಟೌನ್‌ನ ಹುಡುಗರನ್ನು ನಾವು ದೂರುವುದಿಲ್ಲ. ಕೊಟ್ಟ ಪಟ್ಟಿಯಂತೆ ಪರೀಕ್ಷೆ ಮಾಡುವುದು ಅವರ ಕೆಲಸ, ಪಟ್ಟಿ ಬರೆಯುವುದು ಮೇಲಿನವರ ಕೆಲಸ. ಅವರಲ್ಲೊಬ್ಬ ಹೇಳಿದ್ದು: "ನಮ್ಮಪ್ಪನ ಫೋನಿನಲ್ಲಿ ಈ ಆ್ಯಪ್ ಓಡೋದಿಲ್ಲ ಅಂತ ನಂಗೊತ್ತು ಸಾರ್. ಆದ್ರೆ ನಮ್ಮಪ್ಪನ ಫೋನು ಲಿಸ್ಟಲ್ಲಿ ಇಲ್ಲ." ಪಟ್ಟಿ ಬರೆಯುವವರು ಅದಕ್ಕಾಗಿ ರಾಯಚೂರಿಗೋ ಚಾಮರಾಜನಗರಕ್ಕೋ ಬರಬೇಕಾಗಿಲ್ಲ. ಮರ್ಫಿ ಟೌನ್‌ನ ಬೀದಿಗೆ ಇಳಿದರೆ ಸಾಕು. ಅಲ್ಲಿನ ತರಕಾರಿ ಗಾಡಿಯವರ ಕೈಯಲ್ಲೂ, ಪೌರಕಾರ್ಮಿಕರ ಕೈಯಲ್ಲೂ ನಮ್ಮಂಥದ್ದೇ ಫೋನಿದೆ.

ನಾವೇನು ಮಾಡಬೇಕು?

ಒಂದು. ಆ್ಯಪ್ ಕೈಕೊಟ್ಟಾಗ ಬೈದು ಸುಮ್ಮನಾಗಬೇಡಿ. ಪರದೆಯ ಚಿತ್ರ ತೆಗೆದಿಡಿ. ಫೋನಿನ ಮಾಡೆಲ್, ಆಂಡ್ರಾಯ್ಡ್ ನಂಬರು, ಉಳಿದ ಜಾಗ, ಫೈಲಿನ ಹೆಸರು ಮತ್ತು ಗಾತ್ರ, ದಿನ, ಸಮಯ ಬರೆದಿಡಿ. 1902ಕ್ಕೆ ಕರೆ ಮಾಡಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ.

ಎರಡು. ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು. ಇಷ್ಟು ಬರೆದರೆ ಸಾಕು: "ಸದರಿ ಆ್ಯಪ್ ಅನ್ನು ಬಿಡುಗಡೆಗೆ ಮುನ್ನ ಯಾವ ಯಾವ ಮಾಡೆಲ್ ಫೋನಿನಲ್ಲಿ, ಯಾವ ಯಾವ ಬಗೆಯ ಮತ್ತು ಗಾತ್ರದ ಫೈಲುಗಳನ್ನು ಹಾಕಿ ಪರೀಕ್ಷಿಸಲಾಗಿದೆ? ಕನ್ನಡ ಹೆಸರಿನ ಫೈಲು ಇತ್ತೇ? ಪರೀಕ್ಷಾ ವರದಿಯ ಪ್ರತಿ ಕೊಡಿ."

ಮೂರು. ಗ್ರಾಮಸಭೆಯಲ್ಲಿ ಇದನ್ನು ಠರಾವು ಮಾಡಿಸಿ. ಸರ್ಕಾರ ಆ್ಯಪ್ ಮಾಡಿಸಲು ಟೆಂಡರು ಕರೆಯುತ್ತದೆ. ಕನ್ನಡ ಹೆಸರಿನ, ವಾಟ್ಸಾಪಿನಲ್ಲಿ ಬಂದ ಫೈಲುಗಳೊಂದಿಗೆ, ಜಾಗ ತುಂಬಿದ ಅಗ್ಗದ ಫೋನಿನಲ್ಲಿ, ನಿಧಾನದ ನೆಟ್‌ವರ್ಕಿನಲ್ಲಿ ಪಾಸಾಗದೆ ಬಿಲ್ಲು ಪಾಸಾಗಬಾರದು ಎಂಬ ಒಂದು ಷರತ್ತು ಆ ಟೆಂಡರಿನಲ್ಲಿ ಸೇರಲಿ.

ಗೊಬ್ಬರದ ಮೂಟೆಯ ಮೇಲೆ ಒಳಗೇನಿದೆ ಎಂದು ಬರೆದಿರಬೇಕು ಎಂಬ ಕಾನೂನಿದೆ. ಬಿತ್ತನೆ ಬೀಜದ ಚೀಲದ ಮೇಲೆ ಮೊಳಕೆ ಪ್ರಮಾಣ ಬರೆದಿರಬೇಕು. ನಮ್ಮ ಕೂಲಿ, ಪಡಿತರ, ಪಹಣಿಯನ್ನು ಕೈಯಲ್ಲಿ ಹಿಡಿದಿರುವ ಆ್ಯಪ್ ಮೇಲೆ ಮಾತ್ರ ಯಾವ ಹೊಲದಲ್ಲಿ ಬೆಳೆದು ನೋಡಿದರು ಎಂದು ಯಾಕೆ ಬರೆಯಬಾರದು? ಈ ವಾರವೇ ಒಂದು ಅರ್ಜಿ ಹಾಕಿ. ಬಂದ ಉತ್ತರವನ್ನು ನಮಗೆ ಕಳಿಸಿ. ಇಲಾಖೆಯ ಹೆಸರು ಸಮೇತ ಇಲ್ಲೇ ಪ್ರಕಟಿಸುತ್ತೇವೆ.