ಎರಡು ನಿಮಿಷದ ಉದ್ರಿ

ರಾತ್ರಿ ಹನ್ನೊಂದೂವರೆ. ಮೇಲವಂಕಿಯ ಒಂದು ಮನೆ. ಕಬ್ಬಿಗೆ ನೀರು ಬಿಡಲು ಹೊಲಕ್ಕೆ ಹೋಗಬೇಕಾದವನು ಇನ್ನೂ ತಾಟಿನ ಮುಂದೆ ಕೂತು ರೊಟ್ಟಿ ಮುರಿಯುತ್ತಿದ್ದಾನೆ. ತ್ರೀ ಫೇಸ್ ಕರೆಂಟು ಬಂದು ಐದು ನಿಮಿಷವೂ ಆಗಿಲ್ಲ. ಅಷ್ಟರಲ್ಲಿ ದೂರದ ಹೊಲದಿಂದ ಮೋಟರಿನ ಸದ್ದು. ಅವನದೇ ಮೋಟರು. ತುತ್ತು ಬಾಯಿಯ ಹತ್ತಿರ ಹೋಗಿ ನಿಲ್ಲುತ್ತದೆ. ಹೆಂಡತಿ ಕೇಳುತ್ತಾಳೆ, ‘ಯಾರ್ನರ ಕಳಿಸೀರೇನ್ರೀ?’ ಉತ್ತರ ಬರುವುದಿಲ್ಲ. ಪರದೆ ಕಪ್ಪಾಗುತ್ತದೆ, ಚಿತ್ರದ ಹೆಸರು ಮೂಡುತ್ತದೆ.

ಇಂಥ ಚಿತ್ರ ಯಾವುದೂ ಇಲ್ಲ. ಗೋಕಾಕ ಕಡೆಯ ಯಾವುದೋ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುವ ನಾಲ್ಕು ಮಂದಿಗೆ ‘ಎರಡು ನಿಮಿಷದ ಥ್ರಿಲ್ಲರ್ ಆರಂಭವೊಂದನ್ನು ತೆಗೆದು, ಎಡಿಟ್ ಮಾಡಿ ತನ್ನಿ’ ಎಂದು ಮೇಷ್ಟ್ರು ಹೇಳಿದರೆ ಅವರು ಏನು ತರಬಹುದಿತ್ತು ಎಂದು ನಾನೇ ಕಟ್ಟಿಕೊಂಡದ್ದು. ಇಂಥ ಅಸೈನ್‌ಮೆಂಟು ಮಾತ್ರ ಕಟ್ಟುಕತೆಯಲ್ಲ. ಬ್ರಿಟನ್ನಿನಲ್ಲಿ ಮೀಡಿಯಾ ವಿಷಯ ಓದುವ ಹುಡುಗರಿಗೆ ವರ್ಷಗಟ್ಟಲೆ ಕೊಟ್ಟದ್ದು ಇದನ್ನೇ: ಇಲ್ಲದ ಚಿತ್ರವೊಂದರ ಆರಂಭ, ಟೈಟಲ್ ಸಮೇತ, ಎರಡು ನಿಮಿಷ ಮೀರದಂತೆ. ನಮ್ಮಲ್ಲಿ ಕೈಗೊಂದು ಮೊಬೈಲು ಬಂದ ಮೇಲೆ ಮೇಷ್ಟ್ರು ಹೇಳದಿದ್ದರೂ ಹುಡುಗರು ಇದನ್ನು ಮಾಡುತ್ತಲೇ ಇದ್ದಾರೆ.

ಅವರು ನಿಜವಾಗಿ ತರುವುದು ಏನು? ಇಂಥ ಕಿರುಚಿತ್ರಗಳನ್ನು ನಿದ್ದೆಗೆಟ್ಟು ನೋಡುವ ಚಟ ನನಗಿರುವುದರಿಂದ ಹೇಳಬಲ್ಲೆ: ಟೋಪಿಯ ಅಂಗಿ ತೊಟ್ಟ ಒಬ್ಬ, ಒಂದು ಚಾಕು, ತೊಟ್ಟಿಕ್ಕುವ ನಲ್ಲಿ, ಉದ್ದನೆಯ ಖಾಲಿ ವರಾಂಡ, ಹಿಂದೆ ಎಲ್ಲಿಂದಲೋ ಇಳಿಸಿಕೊಂಡ ಪಿಟೀಲಿನ ಕಿರುಚು. ಆ ಟೋಪಿ ತೊಟ್ಟು ಮೇಲವಂಕಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಯಾರೂ ಹೆದರುವುದಿಲ್ಲ. ‘ಜ್ವರ ಬಂದಾವೇನೋ ತಮ್ಮಾ’ ಎಂದು ಕೇಳುತ್ತಾರೆ. ಗೋಕಾಕದವರಾದರೆ ಇನ್ನೊಂದು ಆಸೆಯೂ ಕಾಡುತ್ತದೆ, ಜಲಪಾತ. ಐವತ್ತೆರಡು ಮೀಟರ್ ಮೇಲಿಂದ ಬೀಳುವ ಘಟಪ್ರಭೆ, ಪಕ್ಕದಲ್ಲೇ ತೂಗುಸೇತುವೆ, ಮೇಲೊಂದು ಡ್ರೋನ್. ಚಂದ ಕಾಣುತ್ತದೆ, ಸಂಶಯವಿಲ್ಲ. ಆದರೆ ಮದುವೆಯ ವಿಡಿಯೋದಲ್ಲೂ ಅದೇ ಚಂದ ಇರುತ್ತದೆ.

ಎರವಲು ತಂದದ್ದು ಕಳಪೆ ಎನ್ನುವುದು ಸಣ್ಣ ತಕರಾರು, ಯಾರಾದರೂ ಹೇಳುವಂಥದು. ನನ್ನನ್ನು ಕಾಡುವುದು ಬೇರೆ. ಥ್ರಿಲ್ಲರಿನ ಆರಂಭವೆಂದರೆ ಅರ್ಧ ಕತೆ. ಅರ್ಧವೂ ಅಲ್ಲ, ವೀಸದಷ್ಟು. ನೋಡುವವನಿಂದ ಭಯವನ್ನು ಈಗಲೇ ವಸೂಲು ಮಾಡಿಕೊಂಡು, ಅದಕ್ಕೆ ಕಾರಣವನ್ನು ಆಮೇಲೆ ಕೊಡುತ್ತೇನೆ ಎನ್ನುವ ವ್ಯವಹಾರ ಅದು. ನಮ್ಮ ಕಡೆಯ ಮಾತಿನಲ್ಲಿ ಉದ್ರಿ. ಪೂರ್ತಿ ಚಿತ್ರ ಮಾಡುವವನು ಎರಡು ತಾಸಿನೊಳಗೆ ಆ ಉದ್ರಿ ತೀರಿಸುತ್ತಾನೆ, ತೀರಿಸದಿದ್ದರೆ ಜನ ಬೈಯುತ್ತಾ ಹೊರಗೆ ಬರುತ್ತಾರೆ. ಆರಂಭವನ್ನಷ್ಟೇ ಮಾಡುವ ವಿದ್ಯಾರ್ಥಿ ಉದ್ರಿ ಎತ್ತುತ್ತಾನೆ. ತೀರಿಸುವ ಮಾತೇ ಇಲ್ಲ. ಹೀಗೆ ಮುಂದಿನದಿಲ್ಲದ ಭಯವನ್ನು ಹುಟ್ಟಿಸುವ ವಿದ್ಯೆಯನ್ನು ಕಾಲೇಜು ಕಲಿಸಬೇಕೆ?

ಬೇಡ ಎನ್ನುವವರ ಕೈಯಲ್ಲಿ ಗಟ್ಟಿ ಸಾಕ್ಷಿಯಿದೆ. 2018ರಲ್ಲಿ ನಮ್ಮ ದೇಶದ ಮೊಬೈಲುಗಳಲ್ಲಿ ಒಂದು ವಿಡಿಯೋ ಓಡಾಡಿತು. ಬೀದಿಯಲ್ಲಿ ಮಕ್ಕಳು ಆಡುತ್ತಿವೆ, ಬೈಕಿನಲ್ಲಿ ಇಬ್ಬರು ಬರುತ್ತಾರೆ, ಒಂದು ಮಗುವನ್ನು ಎತ್ತಿಕೊಂಡು ಹೋಗಿಬಿಡುತ್ತಾರೆ. ಅಷ್ಟೇ. ಅದು ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಮಾಡಿದ ಜಾಹೀರಾತು. ಮೂಲದಲ್ಲಿ ಆ ಬೈಕಿನವರು ತಿರುಗಿ ಬರುತ್ತಾರೆ, ಮಗುವನ್ನು ಇಳಿಸುತ್ತಾರೆ, ಮಗು ಕದಿಯುವುದು ಎಷ್ಟು ಸುಲಭ ನೋಡಿ ಎಂಬರ್ಥದ ಫಲಕ ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಒಂದೇ ಕಟ್. ಹೊಸ ದೃಶ್ಯವೇನೂ ಬೇಕಾಗಲಿಲ್ಲ; ಕೊನೆ ಹೋದ ಕೂಡಲೇ ಜಾಹೀರಾತು ಥ್ರಿಲ್ಲರಿನ ಆರಂಭವಾಯಿತು, ಮುಂದಿನ ಕತೆಯನ್ನು ನೋಡಿದವರೇ ಬರೆದುಕೊಂಡರು. ಆ ವರ್ಷ ಮಕ್ಕಳ ಕಳ್ಳರ ವದಂತಿ ಊರೂರು ಸುತ್ತಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಜನರ ಹೊಡೆತಕ್ಕೆ ಒಬ್ಬ ಸತ್ತ. ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯ ಹತ್ತಿರ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬನನ್ನು ಕೊಂದರು. ಅವನ ಜೊತೆ ಬಂದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ಅದೇ ಜುಲೈಯಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಎಂಬ ಮಿತಿ ಹಾಕಿತು.

ಇಷ್ಟಾದ ಮೇಲೂ ಈ ವಿದ್ಯೆಯನ್ನು ಕಲಿಸಬೇಕು ಎನ್ನುವವನು ನಾನು. ಮುರ್ಕಿಯ ರಸ್ತೆಯಲ್ಲಿ ಸೇರಿದ ಜನ ಭಯ ಮಾಡಲು ಕಲಿತವರಲ್ಲ, ಭಯ ಕೊಳ್ಳಲು ಮಾತ್ರ ಕಲಿತವರು. ಕರದಂಟಿನ ಪಾಕ ಒಮ್ಮೆ ಕೈಯಾರೆ ತೆಗೆದವನಿಗೆ ಅಂಗಡಿಯ ಕರದಂಟು ಕಚ್ಚಿದ ಕೂಡಲೇ ಬೆಲ್ಲ ಎಷ್ಟು, ಅಂಟು ಎಷ್ಟು ಎಂದು ತಿಳಿಯುತ್ತದೆ. ಒಂದು ಕಟ್‌ನಿಂದ ಏನಾಗುತ್ತದೆ ಎಂದು ಮಾಡಿ ನೋಡಿದ ಹುಡುಗಿ ಆ ಬೈಕಿನ ವಿಡಿಯೋ ನೋಡಿ ಮೊದಲು ಕೇಳುವ ಪ್ರಶ್ನೆಯೇ ಬೇರೆ: ‘ಇದರ ಮುಂದಿಂದು ಎಲ್ಲೈತಿ?’

ಈ ಮಾಡಿ ನೋಡುವುದು ಏನೆಂದು ಸ್ವಲ್ಪ ನಿಂತು ಹೇಳಬೇಕು. ಸಿನಿಮಾದ ಲೆಕ್ಕ ಸೆಕೆಂಡಿಗೆ 24 ಫ್ರೇಮು. ಎರಡು ನಿಮಿಷಕ್ಕೆ 2,880. ಯಾವ ಫ್ರೇಮಿನಲ್ಲಿ ತುತ್ತು ನಿಲ್ಲಬೇಕು, ಯಾವುದರಲ್ಲಿ ಮೋಟರು ಕೇಳಬೇಕು? ಸದ್ದು ಮೊದಲು ಬಂದು ಮುಖ ಆಮೇಲೆ ತಿರುಗಿದರೆ ನೋಡುವವನಿಗೆ ಗಂಡನಿಗಿಂತ ಮೊದಲೇ ವಿಷಯ ಗೊತ್ತಾಗಿರುತ್ತದೆ, ಅವನಿಗಾಗಿ ಹೆದರುತ್ತಾನೆ. ಮುಖ ಮೊದಲು ತಿರುಗಿದರೆ ನೋಡುವವನು ಅವನ ಜೊತೆಗೇ ಬೆಚ್ಚುತ್ತಾನೆ. ಹತ್ತು ಹನ್ನೆರಡು ಫ್ರೇಮಿನ ಅಂತರ, ಭಾವವೇ ಬೇರೆ. ಮೊಬೈಲಿನಲ್ಲಿ ರಾತ್ರಿಯನ್ನು ರಾತ್ರಿಯೇ ತೆಗೆದರೆ ಚಿತ್ರದ ತುಂಬ ರವೆ ಉದುರಿದಂತಿರುತ್ತದೆ. ಹೊತ್ತು ಮುಳುಗಿದ ಮೇಲಿನ ಇಪ್ಪತ್ತು ನಿಮಿಷ ಹಿಡಿದು, ಆಮೇಲೆ ಕಪ್ಪು ಮಾಡಿಕೊಳ್ಳಬೇಕು. ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಗೋಡೆಯ ಮೇಲೆ ಪಟ್ಟೆಗಳು ಓಡುತ್ತವೆ, ನಮ್ಮ ಕರೆಂಟಿನ 50 ಹರ್ಟ್ಜ್‌ಗೂ ಮೊಬೈಲಿನ 30 ಫ್ರೇಮಿಗೂ ತಾಳ ಕೂಡುವುದಿಲ್ಲ. ಇವೆಲ್ಲ ಗೊತ್ತಾಗುವುದು ಹಾಳು ಮಾಡಿಕೊಂಡ ಮೇಲೆಯೇ. ‘ಸೈಕೋ’ ಚಿತ್ರದ ಸ್ನಾನದ ಮನೆಯ ಕೊಲೆಗೆ ಹಿಚ್‌ಕಾಕ್ ಏಳು ದಿನ ತೆಗೆದುಕೊಂಡ, ಪರದೆಯ ಮೇಲೆ ಅದು ಒಂದು ನಿಮಿಷವೂ ಇಲ್ಲ.

ಇನ್ನು ರಷ್ಯದ ಚಿತ್ರ ನಿರ್ದೇಶಕ ಕುಲೆಶೋವ್ ನೂರು ವರ್ಷದ ಹಿಂದೆ ಮಾಡಿದ ಪ್ರಯೋಗ. ಒಬ್ಬ ನಟನ ಅದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವದ ಪಕ್ಕ ಜೋಡಿಸಿ ತೋರಿಸಿದ. ಜನ ಆ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರಂತೆ. ಇದನ್ನು ಪಾಠವಾಗಿ ಓದಿದರೆ ಐದು ಅಂಕದ ಉತ್ತರ. ಮನೆಯ ಅಜ್ಜನ ಮುಖವನ್ನು ಹಿಡಿದುಕೊಂಡು ಒಮ್ಮೆ ಹೋಳಿಗೆಯ ತಾಟು, ಒಮ್ಮೆ 2019ರ ಆಗಸ್ಟಿನ ಮಹಾಪೂರದಲ್ಲಿ ಘಟಪ್ರಭೆ ನುಗ್ಗಿದ ಮನೆಯ ಗೋಡೆ ಜೋಡಿಸಿ ನೋಡಿದರೆ ಮೈ ಝುಂ ಎನ್ನುತ್ತದೆ. ಅಜ್ಜ ಏನನ್ನೂ ಮಾಡಿಲ್ಲ. ಮಾಡಿದ್ದು ನಾನು. ಆ ಅರಿವು ಬಂದವನು ಟಿವಿಯ ಸುದ್ದಿಯನ್ನು ಮೊದಲಿನಂತೆ ನೋಡಲಾರ. ಕೆಂಪು ವೃತ್ತ, ಢಂ ಎನ್ನುವ ಸಂಗೀತ, ಅದೇ ಆರು ಸೆಕೆಂಡಿನ ತುಣುಕು ಹದಿನೈದು ಸಲ, ಕೊನೆಗೆ ‘ಬ್ರೇಕ್ ಆದ ಮೇಲೆ’. ನಮ್ಮ ಸುದ್ದಿವಾಹಿನಿಗಳು ಇಡೀ ದಿನ ಮಾಡುವುದು ಥ್ರಿಲ್ಲರಿನ ಆರಂಭವನ್ನೇ, ಮುಂದಿನದನ್ನು ಅವು ತೋರಿಸಿದ್ದನ್ನು ನಾನಂತೂ ಕಾಣೆ.

ಭಯ ಹುಟ್ಟುವುದು ಮುಚ್ಚಿಡುವುದರಿಂದ ಎಂದು ಹುಡುಗರು ನಂಬಿರುತ್ತಾರೆ. ಮುಖ ತೋರಿಸದ ಆ ಟೋಪಿ ಅದಕ್ಕೇ. ಇದು ಅರ್ಧ ಸತ್ಯ. ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರುಫೋಗೆ ಹೇಳಿದ ಪ್ರಸಿದ್ಧ ಉದಾಹರಣೆಯಲ್ಲಿ ಮೇಜಿನ ಕೆಳಗೆ ಬಾಂಬಿದೆ, ಮೇಲೆ ಇಬ್ಬರು ಹರಟುತ್ತಿದ್ದಾರೆ. ನೋಡುವವನಿಗೆ ಬಾಂಬಿನ ಸುದ್ದಿ ಗೊತ್ತಿಲ್ಲದಿದ್ದರೆ ಅದು ಸಿಡಿದಾಗ ಹದಿನೈದು ಸೆಕೆಂಡಿನ ಬೆಚ್ಚು. ಗೊತ್ತಿದ್ದರೆ ಹದಿನೈದು ನಿಮಿಷದ ತಳಮಳ. ಗೋಕಾಕದವರಿಗೆ ಇದನ್ನು ಹಾಲಿವುಡ್ಡಿನಿಂದ ಕಲಿಯುವ ಅಗತ್ಯವಿಲ್ಲ. 2019ರ ಅಕ್ಟೋಬರ್‌ನಲ್ಲಿ, ಮಹಾಪೂರ ಇಳಿದು ಎರಡು ತಿಂಗಳಾಗಿತ್ತು, ಮತ್ತೆ ಸುರಿದ ಮಳೆಗೆ ಊರ ಮೇಲಿನ ಮಲ್ಲಿಕಾರ್ಜುನ ಗುಡ್ಡದ ದೊಡ್ಡ ಬಂಡೆಗಳ ಕೆಳಗಿನ ಮಣ್ಣು ಸಡಿಲಾಯಿತು. ಬಂಡೆ ಎಲ್ಲರಿಗೂ ಕಾಣುತ್ತಿತ್ತು. ಕೆಳಗೆ ಮನೆಗಳು. ವಿಪತ್ತು ನಿರ್ವಹಣೆಯ ಪಡೆ ಬಂತು. ಯಾವುದೂ ಗುಟ್ಟಲ್ಲ, ಹಗಲು ಹೊತ್ತು, ಬಿಸಿಲಲ್ಲಿ ಬಂಡೆ ಕೂತಿದೆ. ಊರು ಮಾತ್ರ ನಿದ್ದೆ ಮಾಡಲಿಲ್ಲ. ಆ ಗುಡ್ಡವನ್ನು ಕ್ಯಾಮರಾ ಅಲ್ಲಾಡಿಸದೆ ಇಪ್ಪತ್ತು ಸೆಕೆಂಡು ತೋರಿಸಿ, ಆಮೇಲೆ ಕೆಳಗಿನ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿರುವ ಹೆಂಗಸೊಬ್ಬಳನ್ನು ತೋರಿಸಿದರೆ ಚಾಕು ಯಾತಕ್ಕೆ?

ಇನ್ನೂ ಹಿಂದಕ್ಕೆ ಹೋದರೆ ಈ ಸೀಮೆಯ ಗುರುಗಳು ಬೇರೆಯೇ ಇದ್ದಾರೆ. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಆಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣ, ಅದನ್ನು ಆಡಿ ಮನೆಮಾತಾದ ಕೌಜಲಗಿ ನಿಂಗಮ್ಮ, ಇಬ್ಬರ ಊರೂ ಈ ಸುತ್ತಿನವೇ. ಪಾರಿಜಾತದ ಹೂವು ರುಕ್ಮಿಣಿಗೆ ಹೋಯಿತು, ಸತ್ಯಭಾಮೆ ಸಿಟ್ಟಾದಳು. ಕತೆ ಇಷ್ಟೇ, ಮಕ್ಕಳಿಗೂ ಗೊತ್ತು. ಆದರೂ ಜನ ಕಂಬಳಿ ಹೊದ್ದು ಬೆಳಗಿನವರೆಗೆ ಕೂಡುತ್ತಿದ್ದರು. ದೊಡ್ಡಾಟದಲ್ಲಂತೂ ಪಾತ್ರ ಬಂದು ನಿಂತರೂ ತನ್ನ ಹೆಸರು ತಾನೇ ಹೇಳುವುದಿಲ್ಲ. ಸಾರಥಿ ಕೇಳಬೇಕು, ಅದು ಬಿಗುಮಾನ ಮಾಡಬೇಕು, ಸಾರಥಿ ಮತ್ತೆ ಕೇಳಬೇಕು. ವೇಷ ನೋಡಿಯೇ ಯಾರೆಂದು ತಿಳಿದವರನ್ನು ಹೆಸರಿಗಾಗಿ ಕಾಯಿಸುವ ಈ ಜಾಣತನ ಯಾವ ಟೈಟಲ್ ಕಾರ್ಡಿಗಿಂತ ಕಡಿಮೆ? ಗೊತ್ತಿಲ್ಲದ್ದಕ್ಕಲ್ಲ, ಗೊತ್ತಿದ್ದದ್ದು ಯಾವಾಗ ಬಂದೀತು ಎನ್ನುವುದಕ್ಕೇ ಜೀವ ತುದಿಗಾಲಲ್ಲಿ ನಿಲ್ಲುವುದು.

ಕನ್ನಡದ ಒಳ್ಳೆಯ ಥ್ರಿಲ್ಲರುಗಳೂ ಇದನ್ನು ಬಲ್ಲವು. ಸುನಿಲ್‌ಕುಮಾರ್ ದೇಸಾಯಿ 1989ರ ‘ತರ್ಕ’ದಲ್ಲಿ ಹಾಡೇ ಇಡಲಿಲ್ಲ, ಹಾಡು ಬಂದರೆ ಪ್ರೇಕ್ಷಕ ಎದ್ದು ಹೊರಗೆ ಹೋಗುವ ಕಾಲದಲ್ಲಿ ಎದ್ದು ಹೋಗುವ ಬಾಗಿಲನ್ನೇ ಮುಚ್ಚಿದಂತೆ. ಪವನ್ ಕುಮಾರ್ ಅವರ 2016ರ ‘ಯು ಟರ್ನ್’ ಹುಟ್ಟಿದ್ದು ಬೆಂಗಳೂರಿನ ಡಬಲ್ ರೋಡ್ ಫ್ಲೈಓವರಿನಲ್ಲಿ ಸವಾರರು ಅಡ್ಡಗಲ್ಲು ಸರಿಸಿ ತಿರುಗಿಕೊಳ್ಳುವುದನ್ನು ನೋಡಿ. ದೆವ್ವ ಆಮೇಲೆ ಬಂತು, ಕಲ್ಲು ಮೊದಲು. ದಿನಾ ಅದೇ ದಾರಿಯಲ್ಲಿ ಹೋಗುವವರಿಗೆ ಗೊತ್ತಿರುವ ಕಲ್ಲು.

ಮೇಲವಂಕಿಯ ಮೋಟರಿಗೂ ದಿನಾ ನೋಡಿ ಬಲ್ಲವರ ಪರೀಕ್ಷೆಯೊಂದಿದೆ. ಈ ಎರಡು ನಿಮಿಷವನ್ನು ಊರಿನ ಕಟ್ಟೆಯ ಮೇಲೆ ತೋರಿಸಿದರೆ ಮೊದಲು ಬರುವುದು ವಿಮರ್ಶೆಯ ಮಾತಲ್ಲ: ‘ಆಟೋ ಹಾಕಿರ್ಬೇಕ ಬಿಡೋ.’ ಕರೆಂಟು ಬಂದ ಕೂಡಲೇ ತಾನೇ ಶುರುವಾಗುವ ಆಟೋ ಸ್ಟಾರ್ಟರ್ ಇರುವಾಗ ಭಯ ಎಲ್ಲಿಯದು! ಹುಡುಗರ ಥ್ರಿಲ್ಲರು ಒಂದೇ ಏಟಿಗೆ ಸತ್ತಿತು. ಹಾಗಾಗಿ ಅವರು ಹಿಂದಕ್ಕೆ ಹೋಗಿ ಹತ್ತು ಸೆಕೆಂಡು ಸೇರಿಸಬೇಕು: ಸುಟ್ಟುಹೋದ ಆಟೋ ಡಬ್ಬಿ ಜಗಲಿಯ ಮೇಲೆ, ಬಿಚ್ಚಿದ ವೈರು, ‘ನಾಳೆ ಗೋಕಾಕಕ್ಕ ಒಯ್ದು ತೋರಸ್ತೀನಿ’ ಎಂಬ ಗಂಡನ ಮಾತು. ಮೊದಲು ಯಾರ ಗಮನಕ್ಕೂ ಬಾರದ ಆ ಡಬ್ಬಿಯೇ ಮೋಟರು ಕೇಳಿದಾಗ ಬೆನ್ನ ಮೇಲೆ ತಣ್ಣಗೆ ಕೈಯಿಡುತ್ತದೆ. ಊರು ಬಲ್ಲ ಪ್ರೇಕ್ಷಕ ಹೀಗೆ ಲೆಕ್ಕ ಕೇಳುತ್ತಾನೆ. ಟೋಪಿಯ ಮನುಷ್ಯನನ್ನು ಯಾರೂ ಲೆಕ್ಕ ಕೇಳುವುದಿಲ್ಲ, ಅವನು ಯಾವ ಊರಿನವನೂ ಅಲ್ಲ.

ಹಾಗಾದರೆ ಉದ್ರಿಯ ಮಾತು? ಮಾರ್ಕ್ಸ್ ಕೊಡುವ ಮೇಷ್ಟ್ರಿಗೆ ನನ್ನದೊಂದು ಬೇಡಿಕೆ. ಎರಡು ನಿಮಿಷದ ಫೈಲಿನ ಜೊತೆಗೆ ಮುಚ್ಚಿದ ಲಕೋಟೆಯೊಂದನ್ನೂ ತರಿಸಿಕೊಳ್ಳಿ. ಮೋಟರು ಚಾಲೂ ಮಾಡಿದ್ದು ಯಾರು ಎಂದು ಅದರಲ್ಲಿ ಒಂದು ಪುಟ ಬರೆದಿರಬೇಕು. ಚಿತ್ರ ತೆಗೆಯಬೇಕಾಗಿಲ್ಲ, ಗೊತ್ತಿದ್ದರೆ ಸಾಕು. ಗೊತ್ತಿದ್ದು ತಡೆಹಿಡಿದವನ ಎಡಿಟಿಂಗಿಗೂ ಗೊತ್ತಿಲ್ಲದೆ ಕತ್ತರಿಸಿದವನ ಎಡಿಟಿಂಗಿಗೂ ಇರುವ ವ್ಯತ್ಯಾಸ ಪರದೆಯ ಮೇಲೆ ಕಾಣುತ್ತದೆ. ಹೆಂಡತಿಯ ಪ್ರಶ್ನೆಗೆ ಗಂಡ ಉತ್ತರ ಕೊಡದಿರುವುದು ಅವನಿಗೆ ಗೊತ್ತಿಲ್ಲದ್ದರಿಂದಲೋ, ಗೊತ್ತಿದ್ದು ಹೇಳಲಾಗದ್ದರಿಂದಲೋ? ಇದು ತೀರ್ಮಾನವಾಗದೆ ನಟ ಕಣ್ಣನ್ನು ಎತ್ತ ತಿರುಗಿಸಬೇಕು ಎಂದು ಹೇಳಲೂ ಬರುವುದಿಲ್ಲ.

ಲಕೋಟೆ ಮೇಷ್ಟ್ರ ಕಪಾಟಿನಲ್ಲಿ ಉಳಿಯುತ್ತದೆ. ಫೈಲು ಉಳಿಯುವುದಿಲ್ಲ. ಗೆಳೆಯನಿಗೆ ಕಳಿಸಿದ್ದು ಅವನ ಮಾವನಿಗೆ, ಅಲ್ಲಿಂದ ರೈತರ ಗುಂಪಿಗೆ, ಟೈಟಲ್ ಉದುರಿ, ‘ನಿನ್ನೆ ರಾತ್ರಿ ಮೇಲವಂಕಿ ಹೊಲದಾಗ’ ಎಂಬ ಹೊಸ ಸಾಲು ಅಂಟಿಕೊಂಡು ಹೊರಡುತ್ತದೆ. ಕರಾಚಿಯ ಫಲಕ ಕೊನೆಯಲ್ಲಿತ್ತು, ಅದಕ್ಕೇ ಅಷ್ಟು ಸಲೀಸಾಗಿ ಹೋಯಿತು. ಹುಡುಗರು ಪುಕ್ಕಟೆ ಆ್ಯಪಿನಲ್ಲಿ ಎಡಿಟ್ ಮಾಡಿದಾಗ ಮೂಲೆಯಲ್ಲಿ ಕೈನ್‌ಮಾಸ್ಟರ್ ಎಂಬ ಮುದ್ರೆ ಮೊದಲಿಂದ ಕೊನೆಯವರೆಗೆ ನಿಂತಿರುತ್ತದೆ, ಎಲ್ಲರಿಗೂ ಅದೊಂದು ನಾಚಿಕೆ. ಅದನ್ನು ತೆಗೆಸಲು ದುಡ್ಡು ಕೂಡಿಸುತ್ತಾರೆ, ಇಲ್ಲವೇ ಫ್ರೇಮನ್ನೇ ಆಚೀಚೆ ಕತ್ತರಿಸುತ್ತಾರೆ. ಬೇಡ. ಅದು ಅಲ್ಲೇ ಇರಲಿ, ಪಕ್ಕದಲ್ಲಿ ಸಾಧ್ಯವಾದರೆ ತಮ್ಮ ತರಗತಿಯ ಹೆಸರನ್ನೂ ಬರೆಯಲಿ, ಬಾಯಿಯ ಹತ್ತಿರ ಹೋಗಿ ನಿಂತ ಆ ತುತ್ತಿನ ಪಕ್ಕದಲ್ಲೇ.