ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಸೌರ ಮನೆಗಳಿಗೆ ಮೀಟರ್ ಅಳವಡಿಸುವಲ್ಲಿನ ವಿಳಂಬ ಕುರಿತ ಮನವಿ ಪತ್ರ

ಇವರಿಗೆ: ಮಾನ್ಯ ಅಧ್ಯಕ್ಷರು, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಬೆಂಗಳೂರು.

ಇವರಿಂದ: ಮೂರೂ ತಾಲ್ಲೂಕುಗಳ ಸೌರ ಛಾವಣಿ ಮನೆಗಳ ಮಾಲೀಕರು.

ಉಲ್ಲೇಖ: ವಿದ್ಯುತ್ (ಗ್ರಾಹಕರ ಹಕ್ಕುಗಳು) ನಿಯಮಗಳು, 2020 ಮತ್ತು 2024ರ ತಿದ್ದುಪಡಿ, ಈ ಹಿಂದಿನ ಮನವಿಗಳು (ಅನುಬಂಧ 1).

ಮಾನ್ಯರೆ,

ಛಾವಣಿಯ ಮೇಲೆ ಫಲಕಗಳು ಕೂತು, ಬ್ಯಾಂಕಿನ ಸಾಲದ ಕಂತು ಆರಂಭವಾಗಿ, ಕೆಲಸ ಮುಗಿದ ಪ್ರಮಾಣಪತ್ರವನ್ನೂ ವಿದ್ಯುತ್ ಕಚೇರಿಗೆ ಸಲ್ಲಿಸಿದ ಮೇಲೆ, ಮೀಟರೊಂದು ಬಾರದ ಕಾರಣಕ್ಕೆ ಘಟಕಗಳು ನಿಂತೇ ಇರುವುದು ಮನವಿದಾರರ ಮುಖ್ಯ ದೂರು. ಮನೆ ಬಳಸಿದ ವಿದ್ಯುತ್ತನ್ನೂ ಮನೆಯಿಂದ ಜಾಲಕ್ಕೆ ಹೋದ ವಿದ್ಯುತ್ತನ್ನೂ ಬೇರೆಬೇರೆಯಾಗಿ ಅಳೆಯುವ ಈ ಸಾಧನಕ್ಕೆ ದ್ವಿಮುಖ ಮೀಟರ್ ಎನ್ನುತ್ತಾರೆ. ಅದಿಲ್ಲದೆ ಘಟಕ ಓಡಿಸಿದರೆ ಕೆಲವು ಡಿಜಿಟಲ್ ಮೀಟರ್‌ಗಳು ಹೊರಹೋದ ಯೂನಿಟ್ಟನ್ನೂ ಬಳಕೆಯೆಂದೇ ಎಣಿಸಿ ಬಿಲ್ಲಿಗೆ ಸೇರಿಸುವುದರಿಂದ, ಮಾಲೀಕರು ಬಿಸಿಲಿದ್ದೂ ಸ್ವಿಚ್ ಆರಿಸಿಡಬೇಕಾಗಿದೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್ ಮತ್ತು ಅದಕ್ಕೆ ಮೇಲ್ಪಟ್ಟ ಘಟಕಗಳಿಗೆ 78,000 ರೂಪಾಯಿಯ ಸಹಾಯಧನವಿದ್ದರೂ, ಘಟಕ ಚಾಲನೆಗೊಂಡ ಮೇಲಷ್ಟೇ ಅದು ಖಾತೆಗೆ ಬೀಳುವುದರಿಂದ, ಮೀಟರ್ ತಡವಾದಷ್ಟೂ ಬಡ್ಡಿ ಮಾತ್ರ ಬೆಳೆಯುತ್ತದೆ.

10 ಕಿಲೋವ್ಯಾಟ್‌ವರೆಗಿನ ಅರ್ಜಿಗಳನ್ನು ತಾಂತ್ರಿಕ ಕಾರ್ಯಸಾಧ್ಯತಾ ಪರಿಶೀಲನೆಯಿಲ್ಲದೆಯೇ ಅಂಗೀಕೃತವೆಂದು ಭಾವಿಸಬೇಕೆಂದೂ, ಪ್ರಮಾಣಪತ್ರ ಸಲ್ಲಿಸಿದ 15 ದಿನಗಳೊಳಗೆ ಒಪ್ಪಂದ, ಮೀಟರ್ ಮತ್ತು ಚಾಲನೆ ಮುಗಿಯಬೇಕೆಂದೂ, 5 ಕಿಲೋವ್ಯಾಟ್‌ವರೆಗೆ ಜಾಲದ ಬಲವರ್ಧನೆಯ ಖರ್ಚು ವಿದ್ಯುತ್ ವಿತರಣಾ ಪರವಾನಗಿದಾರರದ್ದೆಂದೂ 2024ರ ತಿದ್ದುಪಡಿ ಹೇಳುವುದನ್ನು ಆಯೋಗಕ್ಕೆ ನೆನಪಿಸುವ ಅಗತ್ಯವಿಲ್ಲ. ನೆನಪಿಸಬೇಕಾಗಿರುವುದು ಇಲ್ಲಿ ಹೆಸರಿಸದೆ ಬಿಟ್ಟಿರುವ ಸೆಕ್ಷನ್ ಕಚೇರಿಗಳಿಗೆ. ಟಿ.ಸಿ.ಯಲ್ಲಿ, ಅಂದರೆ ಬೀದಿಯ ಪರಿವರ್ತಕದಲ್ಲಿ, ಸಾಮರ್ಥ್ಯವಿಲ್ಲವೆಂಬ ಹಿಂಬರಹಗಳು (ಅನುಬಂಧ 2), ಮೀಟರನ್ನು ಗ್ರಾಹಕರೇ ಹೊರಗೆ ಕೊಂಡು ತರಬೇಕೆಂದ ಬಾಯಿಮಾತಿನ ಸೂಚನೆಗಳ ವಿವರ (ಅನುಬಂಧ 3), ಸ್ವೀಕೃತಿ ಮೊಹರು ಬಿದ್ದ ಅರ್ಜಿಗಳು (ಅನುಬಂಧ 4), ಆರ್.ಆರ್. ಸಂಖ್ಯೆವಾರು ಬಿಲ್‌ಗಳು (ಅನುಬಂಧ 5) ಹಾಗೂ ಕಂತಿನ ಪಟ್ಟಿಗಳನ್ನು (ಅನುಬಂಧ 6) ಲಗತ್ತಿಸಲಾಗಿದೆ. ಹಿಂದಿನ ಮನವಿಗಳಿಗೆ ಬಂದ ಏಕೈಕ ಲಿಖಿತ ಉತ್ತರ, ಅವು ಪರಿಶೀಲನೆಯಲ್ಲಿವೆ ಎಂಬುದು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಯವರೆಗೆ ತಂತಿ ಎಳೆದು ವಿದ್ಯುತ್ ಕಳುಹಿಸಿದ ನಾಡಿನಲ್ಲಿ, ಕಂಬದಿಂದ ಮನೆಯ ಗೋಡೆವರೆಗಿನ ಕೆಲಸಕ್ಕೆ ಈ ಗತಿ ಬಂದಿರುವುದನ್ನು ವಿವರಿಸಲು ಮನವಿದಾರರಲ್ಲಿ ಸೌಜನ್ಯದ ಮಾತು ಉಳಿದಿಲ್ಲ.

ಈ ವಿಳಂಬದ ಪೆಟ್ಟು ದೀಪ, ಫ್ಯಾನುಗಳಿಗಷ್ಟೇ ಸೀಮಿತವಲ್ಲ. ಕೆಲವು ಮನವಿದಾರರು ಭೂಶಾಖ ವಿಧಾನದಿಂದ ಮನೆ ತಂಪಾಗಿಸುವ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಕೆಲವು ಮೀಟರ್ ಆಳದ ಮಣ್ಣಿನ ಉಷ್ಣತೆ ಬೇಸಿಗೆ, ಚಳಿಗಾಲಗಳೊಡನೆ ಏರಿಳಿಯದೆ ವರ್ಷದ ಸರಾಸರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ, ಅಲ್ಲಿ ಹೂತ ಕೊಳವೆಯ ಮೂಲಕ ಗಾಳಿಯನ್ನೋ ನೀರನ್ನೋ ಹಾಯಿಸಿದರೆ ಏಪ್ರಿಲ್‌ನ ಸೆಕೆ ಕೋಣೆಯೊಳಗೆ ತಗ್ಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒದ್ದೆ ಮಣ್ಣು ಶಾಖವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆಯಾದರೂ ಗಾಳಿಯ ಕೊಳವೆಗೆ ನೀರು ಜಿನುಗುವುದರಿಂದ ಅಲ್ಲಿ ಮುಚ್ಚಿದ ನೀರಿನ ಸುತ್ತುಕೊಳವೆಯೇ ಮೇಲು. ನಾಲೆ ಮುಟ್ಟದ ಮಳವಳ್ಳಿಯ ಒಣ ಭಾಗಗಳಲ್ಲಿ ಬಂಡೆ ಬೇಗ ಸಿಗುವುದರಿಂದ ಅಗೆತವೇ ದುಬಾರಿ. ಮನೆ ಬೆಚ್ಚಗಾಗಿಸಬೇಕಾದ ಚಳಿ ಈ ಜಿಲ್ಲೆಯಲ್ಲಿಲ್ಲ, ಬಿಸಿನೀರಿಗೆ ಛಾವಣಿಯ ಸೋಲಾರ್ ಹೀಟರ್ ಸಾಕು. ತಂಪು ಬೇಕಾಗುವ ಹೊತ್ತೂ ಬಿಸಿಲು ಸಿಗುವ ಹೊತ್ತೂ ಒಂದೇ ಆಗಿರುವುದರಿಂದ ಈ ವ್ಯವಸ್ಥೆಯ ಪಂಪು, ಬೀಸಣಿಗೆಗಳನ್ನು ಸೌರ ವಿದ್ಯುತ್ತೇ ಓಡಿಸಬಲ್ಲದು. ಮೀಟರ್ ಬಾರದಿದ್ದರೆ ಹೂತ ಕೊಳವೆಯ ಖರ್ಚೂ ಮಣ್ಣುಪಾಲೇ.

ವಿದ್ಯುತ್ ಉಳಿತಾಯದ ಬಗ್ಗೆಯೇ ಇನ್ನೊಂದು ಮಾತು: ಮನೆಗಳಿಗೆ ಉಚಿತ ವಿದ್ಯುತ್ ನೀಡುವ ಗೃಹಜ್ಯೋತಿ ಯೋಜನೆಯಲ್ಲಿ ಅರ್ಹತಾ ಯೂನಿಟ್ಟನ್ನು 2022-23ರ ಸರಾಸರಿ ಬಳಕೆಯ ಆಧಾರದ ಮೇಲೆ ಗೊತ್ತುಮಾಡಿದ್ದರಿಂದ, ಮೊದಲೇ ವಿದ್ಯುತ್ ಉಳಿಸಿದ ಮನೆಗೆ ಕಡಿಮೆಯೂ ಧಾರಾಳವಾಗಿ ಉರಿಸಿದ ಮನೆಗೆ ಹೆಚ್ಚೂ ದೊರೆಯುತ್ತಿದೆ. ಇದು ಸರ್ಕಾರದ ತೀರ್ಮಾನವೇ ಆದರೂ ಆಯೋಗದ ಗಮನಕ್ಕೆ ಬರಲಿ. ಸೋಲಾರ್ ಹೀಟರಿನ ರಿಯಾಯಿತಿ, ಮನೆಗಳ ಶಾಖನಿರೋಧಕ್ಕೆಂದು 2018ರಲ್ಲಿ ಹೊರಬಂದ ಇಕೋ ನಿವಾಸ್ ಸಂಹಿತೆಯ ಪ್ರಚಾರ ಇತ್ಯಾದಿಗಳೂ ಪರಿಶೀಲನಾರ್ಹ.

ಆದ್ದರಿಂದ, ಬಾಕಿ ಮೀಟರ್‌ಗಳನ್ನು ದಿನಾಂಕ ನಿಗದಿಪಡಿಸಿ ಅಳವಡಿಸಲು ಪರವಾನಗಿದಾರರಿಗೆ ಲಿಖಿತ ನಿರ್ದೇಶನ ನೀಡಬೇಕು. 15 ದಿನ ಮೀರಿದ ಪ್ರತಿ ಪ್ರಕರಣಕ್ಕೂ ದಿನವಾರು ಪರಿಹಾರ ಕೊಡಿಸಬೇಕು. ಅಂಗೀಕೃತವೆಂದು ಭಾವಿಸಬೇಕಾದ ಅರ್ಜಿಗಳಿಗೆ ಹಿಂಬರಹ ಕೊಟ್ಟವರಿಂದ ವಿವರಣೆ ಪಡೆಯಬೇಕು. ಜೊತೆಗೆ, ಮನೆಗೆ ಅಂಟಿಕೊಂಡಿರುವ ಆಲೆಮನೆಗಳ ಛಾವಣಿಯನ್ನೂ ಗೃಹಬಳಕೆಯ ಛಾವಣಿಯೆಂದೇ ಪರಿಗಣಿಸಬೇಕು, ಇ-ಖಾತೆ ಬಾಕಿಯಿರುವ ಮದ್ದೂರು ಕಡೆಯ ಬಡಾವಣೆಗಳ ಅರ್ಜಿಗಳನ್ನು ತಡೆಹಿಡಿಯಬಾರದು, ಮತ್ತು ಭೂಶಾಖ ಕೊಳವೆ ಹೂಳುವ ಯಾವುದೇ ಪ್ರಾಯೋಗಿಕ ಕಾಮಗಾರಿಯಲ್ಲಿ ಈ ಕೆಲಸವನ್ನು ಈಗಾಗಲೇ ಮಾಡಿರುವ ಸ್ಥಳೀಯ ಗುತ್ತಿಗೆದಾರರಿಗೆ ಆದ್ಯತೆ ನೀಡುವಂತೆ ಶಿಫಾರಸು ಮಾಡಬೇಕು. ವಿಚಾರಣೆಯನ್ನು ಬೆಂಗಳೂರಿನ ಬದಲು ಮಂಡ್ಯದಲ್ಲಿ, ಕಬ್ಬು ಕಟಾವಿಲ್ಲದ ದಿನಗಳಲ್ಲಿ ನಡೆಸಬೇಕೆಂದೂ, ಅಂದು ಸಂಬಂಧಪಟ್ಟ ಅಧಿಕಾರಿಗಳು ಮೀಟರ್ ದಾಸ್ತಾನು ಪುಸ್ತಕದೊಡನೆ ಖುದ್ದು ಹಾಜರಿರಬೇಕೆಂದೂ ಮನವಿದಾರರು ಕೋರುತ್ತಾರೆ.

ಇಂತಿ,
ಸಹಿ ಮಾಡಿದ ಮನವಿದಾರರು
ಲಗತ್ತು: ಅನುಬಂಧ 1ರಿಂದ 6